4,500 ರೂಪಾಯಿ ಎಚ್‌ಡಿಎಂಐ ಕೇಬಲ್ ತಗೊಳ್ಳಬೇಕೇನ್ರಿ?

ಆಳಂದ ನಾಕಾ (ಕಲಬುರಗಿ):
ನಮಸ್ಕಾರ್ರಿ ಎಲ್ಲಾರಿಗೂ. ಮೊನ್ನೆ ಅಪ್ಪಗ ಅಂತ 55 ಇಂಚಿನ ಟಿವಿ ತಂದ್ವಿ. ಅಪ್ಪಗ ಕಣ್ಣು ಮಂದ ಆಗ್ಯಾವ, ದೊಡ್ಡ ಪರದೆ ಇರ್ಲಿ ಅಂತ ಎರಡು ವರ್ಷದಿಂದ ರೊಕ್ಕ ಕೂಡಿಸಿದ್ದೆ. ಬಿಲ್ ಮಾಡೂ ಹೊತ್ತಿಗೆ ಅಂಗಡಿ ಹುಡುಗ ಒಂದು ಕಪ್ಪು ಡಬ್ಬಿ ತಂದು ಮುಂದಿಟ್ಟ. ಒಂದೂವರೆ ಮೀಟರ್ ಎಚ್‌ಡಿಎಂಐ ಕೇಬಲ್ (ಟಿವಿಗೆ ಚಿತ್ರ, ಸದ್ದು ಎರಡೂ ಒಯ್ಯೂದು), 4,500 ರೂಪಾಯಿ. ಬಂಗಾರದ ಲೇಪ, ಮ್ಯಾಲ ನೂಲಿನ ಹೆಣಿಗೆ. "ಇದು ಹಚ್ಚಲಿಲ್ಲಂದ್ರ ಟಿವಿಗೆ ಹಾಕಿದ ರೊಕ್ಕ ವೇಸ್ಟ್ ಸರ್" ಅಂದ. ಅಲ್ಲೇ ಎರಡು ಟಿವಿ ಬಾಜೂಕ ಬಾಜೂಕ ಇಟ್ಟು ತೋರಿಸಿದ. ಒಂದಕ್ಕ ಸಾದಾ ಕೇಬಲ್, ಇನ್ನೊಂದಕ್ಕ ಇದು. ಖರೇ ಹೇಳ್ತೀನಿ, ಎರಡನೇದ್ರಾಗ ಹಸಿರು ಭಾಳ ಹಸಿರಾಗಿ ಕಂಡಿತು. ಅಪ್ಪ ಬಾಜೂಕ ನಿಂತಿದ್ರು, ಬ್ಯಾಡ ಅನ್ನಲಿಕ್ಕೆ ಬಾಯಿ ಬರಲಿಲ್ಲ, ತಗೊಂಡೆ. ಸೀಲ್ ಒಡೆದಿಲ್ಲ. ಏಳು ದಿನದಾಗ ವಾಪಸ್ ಕೊಡಬಹುದು ಅಂದಾರ. ಮನ್ಯಾಗ ಹಳೇ ಟಿವಿದು 2012ರ ಕೇಬಲ್ ಒಂದು ಅದ. ಅದು ನಡೀತದೇನು? ಬಲ್ಲವರು ಹೇಳ್ರಿ.

ಸೂಪರ್ ಮಾರ್ಕೆಟ್ ಸೋಲ್ಡರ್ (ಕಲಬುರಗಿ):
ತಮ್ಮಾ, ಮೊದಲ ಇದು ಹೇಳು. ಟಿವಿಗೆ ಏನು ಹಚ್ಚಾವಿ? ಸೆಟ್‌ಟಾಪ್ ಬಾಕ್ಸೋ, ಆಟದ ಮಷೀನೋ? ಮತ್ತ ಅಂಗಡಿಯಾಗ ಎರಡೂ ಟಿವಿ ಒಂದೇ ಮಾಡೆಲ್ ಇದ್ವಾ? ಎರಡರದ್ದೂ ಪಿಕ್ಚರ್ ಮೋಡ್ ಒಂದೇ ಇತ್ತಾ? 22 ವರ್ಷದಿಂದ ಟಿವಿ ಬಿಚ್ಚಿ ರಿಪೇರಿ ಮಾಡ್ತೀನಿ. ಅಂಗಡಿಯಾಗ ಒಂದನ್ನ 'ವಿವಿಡ್' ಮೋಡಿಗೆ ಇಟ್ಟು ಇನ್ನೊಂದನ್ನ 'ಸ್ಟ್ಯಾಂಡರ್ಡ್'ಗೆ ಇಟ್ರ ಸಾಕು, ಹಸಿರು ಹೊಲ ಎದ್ದು ಬರ್ತದ. ಕೇಬಲಿಗೂ ಅದಕ್ಕೂ ಸಂಬಂಧ ಇಲ್ಲ.

ಆಳಂದ ನಾಕಾ:
ಈಗ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಅಷ್ಟೇ ಅಣ್ಣಾರ. ದೀಪಾವಳಿಗೆ ಅಕ್ಕನ ಮಗ ಬಂದಾಗ ಆಟದ ಮಷೀನ್ ಹಚ್ಚಬಹುದು. ಪಿಕ್ಚರ್ ಮೋಡ್ ನಾ ನೋಡಲಿಲ್ಲ, ಅದು ತಲ್ಯಾಗ ಬರಲೇ ಇಲ್ಲ.

ಬಿದ್ರಿ ಹೂಜಿ (ಬೀದರ್):
ನಾನು ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಈ ಪ್ರಶ್ನೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ತೊಗರಿ ಚೀಲದ ಮೇಲೆ ಮಸಿಯಲ್ಲಿ ನಂಬರು ಬರೆಯುತ್ತಾರಲ್ಲ. ಲಾರಿಯಲ್ಲಿ ಉಜ್ಜಿ ಮಸಿ ಮಾಸಿದರೂ, ಇಳಿಸುವವನಿಗೆ ಅದು 1 ಅಂತಲೋ 0 ಅಂತಲೋ ಗುರುತು ಸಿಕ್ಕಿದರೆ ಸಾಕು. ಅವನು ತನ್ನ ಪುಸ್ತಕದಲ್ಲಿ ಹೊಸದಾಗಿ, ಸ್ಪಷ್ಟವಾಗಿ ಬರೆದುಕೊಳ್ಳುತ್ತಾನೆ. ಮಾಸಿದ್ದು ಪುಸ್ತಕಕ್ಕೆ ಬರುವುದಿಲ್ಲ. ಡಿಜಿಟಲ್ ಕೇಬಲಿನ ಆ ತುದಿಯಲ್ಲಿ ಟಿವಿ ಮಾಡುವ ಕೆಲಸ ಇದೇ. ಹಳೆಯ ಅನಲಾಗ್ ಕಾಲದಲ್ಲಿ ಹಾಗಿರಲಿಲ್ಲ. ದಾರಿಯಲ್ಲಿ ಎಷ್ಟು ಮಾಸಿತೋ ಅಷ್ಟೂ ಪರದೆಯ ಮೇಲೆ ಬರುತ್ತಿತ್ತು. ಒಳ್ಳೆ ಕೇಬಲ್, ಒಳ್ಳೆ ಚಿತ್ರ ಎಂಬ ಮಾತು ಆಗ ಹುಟ್ಟಿದ್ದು, ಆಗ ಅದು ಸುಳ್ಳಾಗಿರಲಿಲ್ಲ.

ಈಗ ಲೆಕ್ಕ ನೋಡಿ. 4ಕೆ ಚಿತ್ರ ಅಂದರೆ ಅಡ್ಡ 3840, ಉದ್ದ 2160 ಚುಕ್ಕಿ. ಸೆಕೆಂಡಿಗೆ 60 ಸಲ ಬದಲಾದರೆ ಸುಮಾರು 49.8 ಕೋಟಿ ಚುಕ್ಕಿ. ನಡುವಿನ ಖಾಲಿ ಜಾಗವೂ ಸೇರಿ 59.4 ಕೋಟಿ. ಒಂದೊಂದು ಚುಕ್ಕಿಗೆ ಮೂರು ಬಣ್ಣ, ಒಂದೊಂದು ಬಣ್ಣಕ್ಕೆ ತಂತಿಯ ಮೇಲೆ 10 ಬಿಟ್ (ಒಂದು ಬಿಟ್ ಅಂದರೆ ಒಂದು 0 ಅಥವಾ 1). ಗುಣಿಸಿದರೆ ಸೆಕೆಂಡಿಗೆ 17.82 ಗಿಗಾಬಿಟ್ (ಒಂದು ಗಿಗಾಬಿಟ್ ಅಂದರೆ ನೂರು ಕೋಟಿ ಬಿಟ್). 2013ರಲ್ಲಿ ಬಂದ ಎಚ್‌ಡಿಎಂಐ 2.0ರ ಮಿತಿ 18 ಗಿಗಾಬಿಟ್ ಇರುವುದು ಇದಕ್ಕೇ. ನಿಮ್ಮ ಎಚ್‌ಡಿ ಸೆಟ್‌ಟಾಪ್ ಬಾಕ್ಸಿನ 1080ಐ ಚಿತ್ರಕ್ಕೆ ಬೇಕಾದದ್ದು ಬರೀ 2.2 ಗಿಗಾಬಿಟ್ ಚಿಲ್ಲರೆ. 2012ರ ಕೇಬಲ್ ಒಂದೂವರೆ ಮೀಟರಿನದಾದರೆ ಅದನ್ನು ಸುಖವಾಗಿ ಹೊರುತ್ತದೆ.

ಆಟದ ಮಷೀನು 4ಕೆಯಲ್ಲಿ ಸೆಕೆಂಡಿಗೆ 120 ಚಿತ್ರ ಕೊಡುವಂಥದ್ದಾದರೆ ಮಾತು ಬೇರೆ. ಅದಕ್ಕೆ 'ಅಲ್ಟ್ರಾ ಹೈ ಸ್ಪೀಡ್' ಎಂದು ಡಬ್ಬಿಯ ಮೇಲೆ ಸ್ಕ್ಯಾನ್ ಮಾಡುವ ಚೀಟಿ ಇರುವ ಕೇಬಲ್ ತನ್ನಿ. ಅದು 48 ಗಿಗಾಬಿಟ್‌ಗೆ ಪರೀಕ್ಷೆಯಾದದ್ದು. ಬೆಲೆ ನೋಡಬೇಡಿ, ಚೀಟಿ ನೋಡಿ. 'ವರ್ಷನ್ 2.1 ಕೇಬಲ್' ಎಂದು ಬರೆದದ್ದಕ್ಕೆ ಅರ್ಥವಿಲ್ಲ. ವರ್ಷನ್ ಇರುವುದು ಮಷೀನಿಗೆ, ಕೇಬಲಿಗೆ ಇರುವುದು ವೇಗದ ದರ್ಜೆ.

ಬಂಗಾರದ ಮಾತೂ ಬಂತು. ನಮ್ಮೂರ ಬಿದ್ರಿ ಕೆಲಸದಲ್ಲಿ ಬೆಳ್ಳಿ ಮೇಲ್ಮೈಯಲ್ಲಿ ಕೂತರೇ ಅಂದ, ಯಾಕಂದರೆ ಕಣ್ಣು ನೋಡುವುದು ಮೇಲ್ಮೈಯನ್ನೇ. ಪ್ಲಗ್ಗಿನ ಬಂಗಾರ ಅಂದಕ್ಕಲ್ಲ, ಕಿಲುಬು ಹಿಡಿಯದಿರಲಿ ಅಂತ. ಅಷ್ಟು ಉಪಯೋಗ ಖಂಡಿತ ಇದೆ, ಅಗ್ಗದ ಕೇಬಲಿನಲ್ಲೂ ತೆಳುವಾಗಿ ಬಳಿದಿರುತ್ತಾರೆ. ವಿದ್ಯುತ್ ಹರಿಸುವುದರಲ್ಲಿ ಬಂಗಾರ ತಾಮ್ರಕ್ಕಿಂತ ಹಿಂದೆಯೇ.

ತಂತಿನಾದ (ಕಲಬುರಗಿ):
ಬೀದರ್ ಸರ್ ಬರೆದದ್ದು ಓದಿದೆ. ಗೌರವದಿಂದಲೇ ಒಪ್ಪುವುದಿಲ್ಲ. ನಾನು ಮೂವತ್ತು ವರ್ಷದಿಂದ ಹಿಂದೂಸ್ತಾನಿ ಕೇಳುವವನು. ಲ್ಯಾಪ್‌ಟಾಪಿನಿಂದ ಆಂಪ್ಲಿಫೈಯರ್‌ಗೆ ಹೋಗುವ ಯುಎಸ್‌ಬಿ ಡಿಜಿಟಲ್ ಕೇಬಲ್ ಬದಲಿಸಿದಾಗ ನನಗೆ ವ್ಯತ್ಯಾಸ ಕೇಳಿಸಿದೆ. ತಂಬೂರಿಯ ಹಿಂದೆ ಒಂದು ಮಸುಕು ಇರುತ್ತಿತ್ತು, ದುಬಾರಿ ಕೇಬಲ್ ಹಾಕಿದ ಮೇಲೆ ಅದು ಕಡಿಮೆಯಾಯಿತು. 0, 1 ಅಂತ ಲೆಕ್ಕ ಹೇಳಿ ನನ್ನ ಕಿವಿಯನ್ನು ತಳ್ಳಿಹಾಕಬೇಡಿ. ವಿಲಂಬಿತದಲ್ಲಿ ಎರಡು ಸ್ವರದ ನಡುವೆ ಎಷ್ಟು ಮೌನ ಇದೆ ಅನ್ನುವುದು ಕೇಳುವವನಿಗೆ ಗೊತ್ತು.

ಬಿದ್ರಿ ಹೂಜಿ:
ತಳ್ಳಿಹಾಕುವುದಿಲ್ಲ ಸರ್. ನಿಮಗೆ ಕೇಳಿಸಿದ್ದು ನಿಜವೇ ಇರಬಹುದು. ಎರಡು ಕೇಳುತ್ತೇನೆ. ಆ ಮಸುಕು ಸಣ್ಣ ಗುಂಯ್ ಸದ್ದಿನಂತೆ ಇತ್ತೇ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಅದು ಹೋಗುತ್ತಿತ್ತೇ?

ತಂತಿನಾದ:
ಚಾರ್ಜರ್ ಕಿತ್ತು ನೋಡಿರಲಿಲ್ಲ. ಇವತ್ತು ರಾತ್ರಿ ಹಳೆಯ ಕೇಬಲ್ ಹಾಕಿ ನೋಡಿ ಬರೆಯುತ್ತೇನೆ.

ಭೀಮಾ ತೀರ (ಶಹಾಪುರ, ಯಾದಗಿರಿ):
ಮದವಿ ಮಂಟಪದಾಗ ಪ್ರೊಜೆಕ್ಟರ್, ಎಲ್‌ಇಡಿ ಪರದೆ ಹಚ್ಚೂದು ನಮ್ಮ ಉದ್ಯೋಗ. ಗಿಡ್ಡ ಕೇಬಲ್ ಇದ್ರ ಬೀದರ್ ಸರ್ ಮಾತಿಗೆ ಎರಡಿಲ್ಲ. ಉದ್ದ ಆದ್ರ ಮಾತ್ರ ಪೆಟ್ಟು ತಿಂತೀರಿ. ಹೋದ ವರ್ಷ ಒಂದು ಮಂಟಪದಾಗ ಕ್ಯಾಮೆರಾ ಹಚ್ಚಿದ ಲ್ಯಾಪ್‌ಟಾಪಿನಿಂದ ಪರದೆತನಕ 20 ಮೀಟರ್ ತಾಮ್ರದ ಎಚ್‌ಡಿಎಂಐ ಎಳೆದಿದ್ವಿ. ಅಕ್ಷತಾ ಹಾಕೂ ಹೊತ್ತಿಗೆ ಪರದೆ ತುಂಬ ಬಿಳಿ ಚುಕ್ಕಿ, ಆಮೇಲ ಎರಡು ಸೆಕೆಂಡ್ ಕಪ್ಪು, ಮತ್ತ ಬಂತು, ಮತ್ತ ಕಪ್ಪು. ಮದವಿ ಮನಿಯವ್ರು ನಮ್ಮ ಕಡೆ ತಿರುಗಿ ನೋಡಿದ್ದು ಇನ್ನೂ ಕಣ್ಣಾಗ ಅದ. ಲ್ಯಾಪ್‌ಟಾಪಿನಾಗ 4ಕೆ ತೆಗೆದು 1080ಕ್ಕ ಇಳಿಸಿದ್ವಿ, ಆಗ ನಿಂತಿತು.

ಗಮನ ಕೊಡ್ರಿ, ಚಿತ್ರ ಮಂಕಾಗಲಿಲ್ಲ, ಬಣ್ಣ ಕಡಿಮಿ ಆಗಲಿಲ್ಲ. ಚುಕ್ಕಿ ಬಂತು, ಕಪ್ಪಾಯ್ತು. ಡಿಜಿಟಲ್ ಸೋಲೂದು ಹಂಗ.

ಆಮೇಲ ಒಳಗ ಗಾಜಿನ ಎಳಿ ಇರೂ ಆಪ್ಟಿಕಲ್ ಎಚ್‌ಡಿಎಂಐ ತಗೊಂಡ್ವಿ. ಅದಕ್ಕ ರೊಕ್ಕ ಹೆಚ್ಚು ಕೊಟ್ಟೀವಿ, ಕೊಟ್ಟಿದ್ದಕ್ಕ ಬ್ಯಾಸರ ಇಲ್ಲ. ಎರಡೂ ತುದಿಗೆ ಸಣ್ಣ ಚಿಪ್ ಇರ್ತಾವ, ಒಂದು ತುದಿ ಕರೆಂಟನ್ನ ಬೆಳಕು ಮಾಡ್ತದ, ಇನ್ನೊಂದು ಬೆಳಕನ್ನ ಕರೆಂಟ್ ಮಾಡ್ತದ. ಅದಕ್ಕೇ ಅದಕ್ಕೊಂದು ದಿಕ್ಕು ಅದ. 'ಸೋರ್ಸ್' ತುದಿ ಲ್ಯಾಪ್‌ಟಾಪಿಗೆ, 'ಡಿಸ್‌ಪ್ಲೇ' ತುದಿ ಪರದೆಗೆ. ಉಲ್ಟಾ ಹಚ್ಚಿದ್ರ ಏನೂ ಬರೂದಿಲ್ಲ. ಸಾದಾ ತಾಮ್ರದ ಕೇಬಲಿನ ಮ್ಯಾಲೂ ಕೆಲವರು ಬಾಣದ ಗುರುತು ಹಾಕಿ ಮಾರ್ತಾರ, ಅದಕ್ಕ ಅರ್ಥ ಇಲ್ಲ.

ಹಳೇ ಆಂಟೆನಾ (ಯಾದಗಿರಿ):
ಅನಲಾಗ್ ಕಾಲದ ಮಾತು ಬಂದದ್ದಕ್ಕ ಒಂದು ನೆನಪು. 1975ರ ಆಗಸ್ಟ್‌ನಾಗ ನಮ್ಮ ಭಾಗದ ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ ಬಂದಿತ್ತು, ಒಂದು ವರ್ಷದ ಪ್ರಯೋಗ. ಆರು ರಾಜ್ಯದ 2,400 ಹಳ್ಳಿ. ಕರ್ನಾಟಕದಾಗ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆ. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲಾದಾಗೇ ಇತ್ತು. ಕೋಳಿ ಗೂಡಿನ ಜಾಳಿಗೆಯಂಥದ್ದರಿಂದ ಮಾಡಿದ 3 ಮೀಟರಿನ ಆಂಟೆನಾ. ನಮ್ಮಪ್ಪ ಸಾಲಿ ಅಂಗಳದಾಗ ಕುಂತು ನೋಡಿದ್ದು ಹೇಳ್ತಿದ್ರು. ಗಾಳಿಗೆ ಅದು ಅಲ್ಲಾಡಿದ್ರ ಪರದ್ಯಾಗ ಅಕ್ಕಿ ತೂರಿದಂಗ ಚುಕ್ಕಿ, ಮತ್ತ ಸರಿ ಆಗೂದು. ಇವತ್ತಿನ ಡಿಶ್ ಹಂಗಲ್ಲ. ಸಿಗ್ನಲ್ ತಪ್ಪು ತಿದ್ದಿಕೊಳ್ಳೂ ಲೆಕ್ಕ ಒಳಗೇ ಇರ್ತದ, ತಿದ್ದೂತನಕ ಚಿತ್ರ ಕನ್ನಡಿ ಇದ್ದಂಗ, ತಿದ್ದೂದು ಮೀರಿತಂದ್ರ ಚೌಕ ಚೌಕ ಒಡೆದು ಹೋಗ್ತದ. ನಡುವಿನ ಮಂಕು ಅನ್ನೂದೇ ಇಲ್ಲ.

ಡಿಶ್ ಕೇಬಲಿಗೆ ಮಾತ್ರ ನಮ್ಮ ಬಿಸಲು ಭಾಳ ಕೆಟ್ಟದ್ದು. ಮೇ ತಿಂಗಳ ಝಳಕ್ಕ ಮಾಳಿಗೆ ಮ್ಯಾಲಿನ ಕೇಬಲಿನ ತೊಗಟೆ ಗರಿಗರಿ ಆಗಿ ಸೀಳ್ತದ. ಜೂನ್‌ನಾಗ ಮೊದಲನೇ ಮಳಿ ಅದರಾಗ ಇಳಿದು ಪಿನ್ನಿನತನಕ ಬರ್ತದ. ಕೇಬಲ್ ಗ್ವಾಡಿ ಒಳಗ ಹೋಗೂ ಮುಂಚೆ ಒಂದು ಗೇಣು ಕೆಳಗ ಜೋತು ಬಿಡ್ರಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ.

ಸೇಡಂ ರಸ್ತೆ ಟೀಚರ್ (ಕಲಬುರಗಿ):
ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ, ಕೇಬಲ್ ವಿಷಯವೇ ಆದ್ದರಿಂದ ಕೇಳುತ್ತಿದ್ದೇನೆ. ನಮ್ಮ ಶಾಲೆಗೆ ಪಾಲಕರು ವಂತಿಗೆ ಹಾಕಿ ಆರು ಸಿಸಿಟಿವಿ ಕ್ಯಾಮೆರಾ ಹಾಕಿಸಿದರು. ಹಗಲು ಆರೂ ಚೆನ್ನಾಗಿ ಕಾಣುತ್ತವೆ. ಕತ್ತಲಾದ ಮೇಲೆ ಗೇಟಿನದು ಮತ್ತು ಹಿಂದಿನ ಕಂಪೌಂಡಿನದು ಬಂದ್ ಆಗುತ್ತವೆ, ಮತ್ತೆ ಚಾಲೂ ಆಗುತ್ತವೆ, ಮತ್ತೆ ಬಂದ್. ಹಾಕಿದವರು ಕ್ಯಾಮೆರಾ ಕೆಟ್ಟಿದೆ ಅಂತ ಎರಡು ಸಲ ಬದಲಿಸಿದರು, ಹಣವನ್ನೂ ತೆಗೆದುಕೊಂಡರು. ಹೊಸದೂ ಹಾಗೇ. ನಮಗೆ ಬೇಕಾದದ್ದೇ ರಾತ್ರಿ ಗೇಟು. ಹೋದ ತಿಂಗಳು ಬೋರ್‌ವೆಲ್ ಮೋಟರಿನ ವೈರ್ ಕತ್ತರಿಸಿಕೊಂಡು ಹೋದರು, ಒಂದು ಚಿತ್ರವೂ ಸಿಗಲಿಲ್ಲ.

ಸೂಪರ್ ಮಾರ್ಕೆಟ್ ಸೋಲ್ಡರ್:
ಟೀಚರ್ ಅಕ್ಕಾರ, ನೀವು ಕೇಳಿದ್ದೇ ಛಲೋ ಆಯ್ತು. ಇಷ್ಟೊತ್ತು ಎಲ್ಲಾರೂ ದುಬಾರಿ ಕೇಬಲಿನ ಬಗ್ಗೆ ಮಾತಾಡಿದ್ರು. ನನ್ನ ಅನುಭವದಾಗ ನಮ್ಮ ಮಂದಿ ಹೆಚ್ಚು ಮೋಸ ಹೋಗೂದು ಅಗ್ಗದ ಕೇಬಲಿನಾಗ.

ನಿಮ್ಮ ರೋಗ ನನಗ ಗೊತ್ತದ. ಹಗಲು ಕ್ಯಾಮೆರಾಕ್ಕ ಕರೆಂಟ್ ಕಡಿಮಿ ಸಾಕು. ಕತ್ತಲಾದ ಕೂಡಲೇ ಮುಸುಡಿ ಸುತ್ತ ಇರೂ ಇನ್‌ಫ್ರಾರೆಡ್ ದೀಪ ಹತ್ತತಾವ, ಕರೆಂಟ್ ಎರಡು ಪಟ್ಟು, ಅದಕ್ಕೂ ಮ್ಯಾಲ ಎಳಿತದ. ಆಗ ಉದ್ದ ವೈರಿನ ಕೊನೀಗೆ ವೋಲ್ಟೇಜ್ ಕುಸಿತದ, ಕ್ಯಾಮೆರಾ ಸಾಯ್ತದ. ಸತ್ತ ಮ್ಯಾಲ ದೀಪ ಆರ್ತಾವ, ವೋಲ್ಟೇಜ್ ಏರ್ತದ, ಮತ್ತ ಚಾಲೂ, ಮತ್ತ ದೀಪ, ಮತ್ತ ಸಾವು. ಹತ್ತಿರದ ನಾಕು ಕ್ಯಾಮೆರಾ ನಡೀತಾವ, ದೂರದ ಎರಡೇ ಸಾಯ್ತಾವ, ಹೌದಲ್ಲ? ಕ್ಯಾಮೆರಾ ಬದಲಿಸಿದ್ರ ಏನಾಗ್ತದ್ರಿ, ವೈರು ಅದೇ ಅದ.

ಅದು ಸಿಸಿಎ ಕೇಬಲ್ ಇರ್ತದ. ಒಳಗ ಅಲ್ಯೂಮಿನಿಯಂ, ಮ್ಯಾಲ ತಾಮ್ರದ ತೆಳ್ಳನೆ ಲೇಪ. ಡಬ್ಬಿ ಮ್ಯಾಲ 'ಕ್ಯಾಟ್ 6' (ನೆಟ್‌ವರ್ಕ್ ಕೇಬಲಿನ ಒಂದು ದರ್ಜೆ) ಅಂತ ದೊಡ್ಡದಾಗಿ ಬರೆದಿರ್ತದ. ಕ್ಯಾಟ್ 5ಇ, ಕ್ಯಾಟ್ 6 ಮಾನದಂಡದಾಗ ಎಳಿ ತಾಮ್ರದ್ದೇ ಇರಬೇಕು, ಇದಕ್ಕ ಆ ಹೆಸರೇ ಸಲ್ಲೂದಿಲ್ಲ. ಅದೇ ದಪ್ಪದ ತಾಮ್ರಕ್ಕ ಹೋಲಿಸಿದ್ರ ಇದರ ರೋಧ, ಅಂದ್ರ ಕರೆಂಟಿಗೆ ಒಡ್ಡೂ ತಡೆ, ಒಂದೂವರೆ ಪಟ್ಟು ಇರ್ತದ.

ಗುರುತು ಹಿಡಿಯೂದು ಹಿಂಗ. ಒಂದು ಗೇಣು ತುಂಡು ತಗೊಳ್ರಿ. ಬ್ಲೇಡಿನಿಂದ ಪ್ಲಾಸ್ಟಿಕ್ ಸುಲಿದು ಒಂದು ಎಳಿಯನ್ನ ಉಗುರಿನ ಮ್ಯಾಲ ಇಟ್ಟು ಬ್ಲೇಡಿನ ತುದಿಯಿಂದ ಮೆಲ್ಲಗ ಕೆರೀರಿ, ಹಲಸಿನ ಬೀಜದ ಸಿಪ್ಪಿ ಕೆರೆದಂಗ. ಕೆಂಪು ಹೋಗಿ ಬೆಳ್ಳಗ ಹೊಳೆದ್ರ ಅಲ್ಯೂಮಿನಿಯಂ. ಎಷ್ಟು ಕೆರೆದ್ರೂ ಕೆಂಪೇ ಇದ್ರ ತಾಮ್ರ. ಇನ್ನೊಂದು, ಎಳಿಯನ್ನ ನಾಕೈದು ಸಲ ಆಕಡೆ ಈಕಡೆ ಬಗ್ಗಿಸಿದ್ರ ಅಲ್ಯೂಮಿನಿಯಂ ಲಗೂನ ಪಟ್ಟಂತ ಮುರೀತದ. ಡಬ್ಬಿ ಎತ್ತಿದ್ರೂ ಕೈಗೆ ಗೊತ್ತಾಗ್ತದ. 305 ಮೀಟರಿನ ಡಬ್ಬಿ ತಾಮ್ರದ್ದು ಭಾರ, ಇದು ಹಗುರ.

ರೋಧ ಅಳೆಯೂ ಮಲ್ಟಿಮೀಟರ್ ಇದ್ರ ಇನ್ನೂ ಛಲೋ. ಮಾನದಂಡದ ಪ್ರಕಾರ 100 ಮೀಟರಿಗೆ ಒಂದು ಎಳಿಯ ರೋಧ 9.38 ಓಂ ದಾಟಬಾರದು. ದೂರದ ತುದ್ಯಾಗ ಒಂದು ಜೋಡಿಯ ಎರಡೂ ಎಳಿ ಕೂಡಿಸಿ ತಿರುವಿ, ಈ ತುದ್ಯಾಗ ಓಂ ನೋಡ್ರಿ. ಹೋಗೂದು ಬರೂದು ಎರಡೂ ಸೇರ್ತದ, ಅಂದ್ರ 60 ಮೀಟರಿನ ಕೇಬಲಿಗೆ 120 ಮೀಟರಿನ ಲೆಕ್ಕ. 11 ಓಂ ಸುಮಾರು ಮೀರಿತು ಅಂದ್ರ ಆ ವೈರು ಗ್ವಾಡಿಯಿಂದ ತೆಗೀಬೇಕು.

ಮತ್ತ ಕ್ಯಾಮೆರಾಕ್ಕ 12 ವೋಲ್ಟ್ ಕಳಿಸ್ಯಾರೋ, ಪಿಒಇ ಸ್ವಿಚ್ಚಿನಿಂದ (ನೆಟ್‌ವರ್ಕ್ ಕೇಬಲಿನಾಗೇ ಕರೆಂಟ್ ಕಳಿಸೂದು) 48 ಕಳಿಸ್ಯಾರೋ ನೋಡ್ರಿ.

ಸೇಡಂ ರಸ್ತೆ ಟೀಚರ್:
ಅಣ್ಣಾರ, ದೂರದ ಎರಡೇ ಅನ್ನುವುದು ಅಕ್ಷರಶಃ ಸರಿ. ಬ್ಲೇಡಿನಿಂದ ಕೆರೆದು ನೋಡಿದೆ. ಸ್ಟಾಫ್ ರೂಮಿನಲ್ಲಿ ಉಳಿದಿದ್ದ ತುಂಡು. ಎರಡನೇ ಸಲ ಕೆರೆದಾಗಲೇ ಬಿಳಿ ಬಂತು. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಬಾಜೂ ನಿಂತಿದ್ದರು, "ಟೀಚರ್, ಇದು ತಾಮ್ರ ಅಲ್ಲ" ಅಂತ ಅವರೇ ಮೊದಲು ಹೇಳಿದರು. ವಂತಿಗೆ ಕೊಟ್ಟವರಲ್ಲಿ ಅವರ ಅಪ್ಪಂದಿರೂ ಇದ್ದಾರೆ, ದಿನಗೂಲಿ ಮಾಡುವವರು. ನನಗೆ ಆಮೇಲೆ ಪಾಠ ಮಾಡಲಿಕ್ಕೆ ಆಗಲಿಲ್ಲ.

ಡಬ್ಬಿಯಲ್ಲಿ ಕರಿ ಅಡಾಪ್ಟರ್ ಇದೆ, ಅದರ ಮೇಲೆ 12ವಿ ಅಂತ ಬರೆದಿದೆ.

ಸೂಪರ್ ಮಾರ್ಕೆಟ್ ಸೋಲ್ಡರ್:
ಹಂಗಾದ್ರ ಎರಡೂ ತಪ್ಪು ಕೂಡ್ಯಾವ. ಅಲ್ಯೂಮಿನಿಯಂ ಒಂದು, 12 ವೋಲ್ಟನ್ನ ಕ್ಯಾಟ್ ಕೇಬಲಿನ ಖಾಲಿ ನೀಲಿ, ಕಂದು ಜೋಡಿಯಾಗ ಅಷ್ಟು ದೂರ ಕಳಿಸಿದ್ದು ಒಂದು. ತಾಮ್ರ ಹಾಕಿದ್ರೂ 12 ವೋಲ್ಟಿಗೆ 60 ಮೀಟರ್ ಭಾಳ ಆಯ್ತು. 48 ವೋಲ್ಟ್ ಪಿಒಇ ಆದ್ರ ಅದೇ ಕೆಲಸಕ್ಕ ಕರೆಂಟ್ ಕಾಲು ಪಾಲು ಸಾಕು, ದಾರಿಯಾಗ ಕುಸಿಯೂ ವೋಲ್ಟೇಜೂ ಕಾಲು ಪಾಲೇ. ಎಲ್ಲಾ ಆರು ಲೈನ್ ತೆಗೀಬ್ಯಾಡ್ರಿ, ರೊಕ್ಕ ದಂಡ. ದೂರದ ಎರಡು ಲೈನ್ ಮಾತ್ರ ಅಪ್ಪಟ ತಾಮ್ರದ್ದು, ಅವಕ್ಕ ಒಂದು ಸಣ್ಣ ಪಿಒಇ ಸ್ವಿಚ್. ಕ್ಯಾಮೆರಾ ನೇರ ಪಿಒಇ ತಗೊಳ್ಳದಿದ್ರ ಆ ತುದಿಗೆ 48ನ್ನ 12 ಮಾಡೂ ಸ್ಪ್ಲಿಟರ್ ಒಂದೊಂದು. ಬಿಸಲಿಗೆ ಬೀಳೂ ಜಾಗದಾಗ ಕರಿ ತೊಗಟೆಯ ಹೊರಾಂಗಣ ಕೇಬಲ್ ಹಾಕ್ರಿ.

ತಂತಿನಾದ:
ಮೊನ್ನೆ ಹೇಳಿದಂತೆ ಮಾಡಿದೆ. ಹಳೆಯ ಯುಎಸ್‌ಬಿ ಕೇಬಲ್ ಹಾಕಿದೆ, ಮಸುಕು ಬಂತು. ಚಾರ್ಜರ್ ಕಿತ್ತೆ. ಮಸುಕು ಹೋಯಿತು, ಪೂರ್ತಿ. ದುಬಾರಿ ಕೇಬಲಿನಲ್ಲಿ ಕಡಿಮೆಯಾಗಿತ್ತೇ ಹೊರತು ಪೂರ್ತಿ ಹೋಗಿರಲಿಲ್ಲ, ಅದೂ ಈಗ ಗೊತ್ತಾಯಿತು. ನಾಲ್ಕು ಸಲ ಹಾಕಿ ತೆಗೆದು ನೋಡಿದೆ. ನಾನು ಕೇಳಿದ್ದು ಸುಳ್ಳಲ್ಲ, ಆದರೆ ಕಾರಣ ನಾನು ಅಂದುಕೊಂಡದ್ದಲ್ಲ. ಸರ್, ಇದಕ್ಕೆ ಕಾಯಂ ಪರಿಹಾರ ಏನು?

ಬಿದ್ರಿ ಹೂಜಿ:
ನಿಮ್ಮ ಕಿವಿಗೆ ನಮಸ್ಕಾರ ಸರ್. ಅದು ಚಾರ್ಜರಿನಿಂದ ನೆಲದ ತಂತಿಯ (ಅರ್ಥಿಂಗ್) ದಾರಿಯಲ್ಲಿ ಬರುವ ಗದ್ದಲ. ಸಂಗೀತದ 0, 1 ಸರಿಯಾಗಿಯೇ ತಲುಪುತ್ತಿವೆ, ಅದೇ ಕೇಬಲಿನ ತಾಮ್ರ ಹಿಡಿದು ಗದ್ದಲವೂ ಆಂಪ್ಲಿಫೈಯರ್ ಒಳಗೆ ನುಗ್ಗುತ್ತಿದೆ. ಕೇಬಲ್ ಬದಲಿಸಿದಾಗ ಆ ದಾರಿ ಸ್ವಲ್ಪ ಬದಲಾಗಿ ಸದ್ದು ಇಳಿದಿರಬಹುದು. ತಾಮ್ರದ ನಂಟನ್ನೇ ಕಡಿದುಬಿಡಿ. ನಿಮ್ಮ ಆಂಪ್ಲಿಫೈಯರ್ ಹಿಂದೆ ಸಣ್ಣ ಚೌಕದ ಆಪ್ಟಿಕಲ್ ಕಿಂಡಿ ಇದ್ದರೆ, ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಆಪ್ಟಿಕಲ್ ಮಾಡುವ ಪುಟ್ಟ ಡಬ್ಬಿ ಹಾಕಿ. 1983ರಲ್ಲಿ ತೋಷಿಬಾದವರು ತಂದ ಟಾಸ್‌ಲಿಂಕ್ ಅದು. ಪ್ಲಾಸ್ಟಿಕ್ ಎಳೆಯಲ್ಲಿ ಕೆಂಪು ಬೆಳಕು ಹೋಗುತ್ತದೆ, ವಿದ್ಯುತ್ತಿಗೆ ದಾರಿಯೇ ಇಲ್ಲ. ಅದರ ಕೇಬಲಿಗೂ ತುದಿಯಲ್ಲಿ ಬಂಗಾರ ಬಳಿದು ಮಾರುತ್ತಾರೆ. ಬೆಳಕಿಗೆ ಬಂಗಾರದಿಂದ ಏನೂ ಆಗಬೇಕಿಲ್ಲ, ಸಾದಾದ್ದೇ ತನ್ನಿ. ಎಳೆಯನ್ನು ಮಾತ್ರ ಚೂಪಾಗಿ ಮಡಚಬೇಡಿ.

ಆಳಂದ ನಾಕಾ:
ಎಲ್ಲಾರಿಗೂ ಶರಣು. ಸೀಲ್ ಒಡೀಲಿಲ್ಲ. ಮೊದಲ ಹಳೇ ಕೇಬಲ್ ಹಚ್ಚಿ ಎರಡು ದಿನ ನೋಡ್ದೆ. ಕಪ್ಪು ದೃಶ್ಯ ಬಂದಾಗ ಪರದೆ ಹತ್ತಿರ ಹೋಗಿ ಚುಕ್ಕಿ ಹುಡುಕಿದೆ, ಒಂದೂ ಇಲ್ಲ. ಆಮೇಲ ಸೋಲ್ಡರ್ ಅಣ್ಣ ಹೇಳಿದಂಗ ಪಿಕ್ಚರ್ ಮೋಡ್ ಬದಲಿಸಿದೆ. 'ವಿವಿಡ್'ಗೆ ಹಾಕಿದ ಕೂಡಲೇ ಅಂಗಡಿಯಾಗ ನೋಡಿದ ಅದೇ ಹಸಿರು ನಮ್ಮನ್ಯಾಗ ಬಂತು. 2012ರ ಕೇಬಲಿನಾಗೇ. ಅಪ್ಪಗ ತೋರಿಸಿದೆ. ಅವರು ಐದು ನಿಮಿಷ ನೋಡಿ, "ಕಣ್ಣಿಗೆ ಚುಚ್ಚತದ, ಮೊದಲಿನಂಗ ಮಾಡು" ಅಂದ್ರು.

ಕೇಬಲ್ ವಾಪಸ್ ಕೊಟ್ಟೆ. ಅಂಗಡಿಯವ್ರು ರೊಕ್ಕ ಕೊಡಲಿಲ್ಲ, ಅಷ್ಟಕ್ಕೇ ಬ್ಯಾರೆ ಸಾಮಾನು ತಗೊಳ್ರಿ ಅಂದ್ರು. ಅಲ್ಯಾಕ ಜಗಳ ಅಂತ ಅಪ್ಪಗ ಒಂದು ತಲಿಗೆ ಹಾಕೂ ವಾಯರ್‌ಲೆಸ್ ಹೆಡ್‌ಫೋನ್ ತಗೊಂಡೆ. ಈಗ ರಾತ್ರಿ ಅವ್ವ ಮಲಗಿದ ಮ್ಯಾಲೂ ಅಪ್ಪ ವಚನ ಕೇಳ್ತಾರ.

ಟೀಚರ್ ಅಕ್ಕಾರ, ನಿಮ್ಮ ಸಾಲಿ ಸೇಡಂ ರೋಡ್ ಅಂದ್ರಿ. ನಾ ಭಾನುವಾರ ಖಾಲಿ ಇರ್ತೀನಿ. ಕೇಬಲ್ ಎಳೀಲಾಕ ಒಬ್ಬ ಬೇಕಾಗ್ತದ.

ಸೂಪರ್ ಮಾರ್ಕೆಟ್ ಸೋಲ್ಡರ್:
ನಾನೂ ಬರ್ತೀನಿ, ಕೂಲಿ ಬ್ಯಾಡ. ಕೇಬಲ್ ಮಾತ್ರ ನನ್ನ ಕಣ್ಣ ಮುಂದೇ ಕೆರೆದು ನೋಡಿ ತಗೊಳ್ಳೂಣು. ಟೀಚರ್ ಅಕ್ಕಾರ, ಬರೂದ್ರೊಳಗ ಎರಡು ಕೆಲಸ ಮಾಡಿಸಿ ಇಡ್ರಿ. ಗೇಟಿನಿಂದ ರೆಕಾರ್ಡರ್ ಇರೂ ರೂಮಿನತನಕ ಗ್ವಾಡಿ ಗುಂಟ ಟೇಪ್ ಹಿಡಿದು ಅಳತಿ ಬರೆದಿಡ್ರಿ, ನೇರ ಅಳತಿ ಅಲ್ಲ. ಮತ್ತ ಹಿಂದಿನ ಕಂಪೌಂಡಿಗೆ ಮುಟ್ಟೂವಂಥ ಏಣಿ ಒಂದು.

ಸೇಡಂ ರಸ್ತೆ ಟೀಚರ್:
ಏಣಿ ಶಾಲೆಯಲ್ಲೇ ಇದೆ ಅಣ್ಣಾರ. ಅಳತೆಯನ್ನು ಅದೇ ಇಬ್ಬರು ಹುಡುಗಿಯರು ಇವತ್ತು ಸಂಜೆ ತೆಗೆದರು. ಗೇಟಿಗೆ 58 ಮೀಟರ್, ಹಿಂದಿನ ಕಂಪೌಂಡಿಗೆ 71. ಭಾನುವಾರ ಅವರೂ ಬರುತ್ತಾರಂತೆ, ಮೀಟರಿನಲ್ಲಿ ಓಂ ಹೇಗೆ ನೋಡುವುದು ಅಂತ ಕಲಿಯಬೇಕಂತೆ. ಬಿಸಿಲು ಏರುವುದರೊಳಗೆ, ಏಳು ಗಂಟೆಗೆ ಗೇಟು ತೆಗೆದಿರುತ್ತದೆ.